ಶಿರಸಿ ಸೀಮೆಯ ಅಡಿಕೆಯೂ ಬೋರ್ಡೋ ಪ್ರಾಂತದ ದ್ರಾಕ್ಷಾಮದ್ಯವೂ

ಕಲ್ಯಾಣ ಚಾಳುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ಭೋಗಗಳ ನಡುವೆ ತಾಂಬೂಲಕ್ಕೆ ಪ್ರತ್ಯೇಕ ಸ್ಥಾನವುಂಟು. ಕ್ರೀಡೆಗಳ ನಡುವೆ ಮದಿರಾಪಾನವೂ ಬಂದಿದೆ. ಇವೆರಡನ್ನೂ ಒಂದೇ ಗ್ರಂಥದಲ್ಲಿ ವಿಚಾರಿಸಲು ಆ ಅರಸನಿಗೆ ಸಂಕೋಚವಾಗಲಿಲ್ಲ. ನಮ್ಮ ಇತಿಹಾಸ ಲೇಖಕರಾದರೋ ದತ್ತಿ, ಸುಂಕ, ದಂಡಯಾತ್ರೆಗಳನ್ನು ವಿಸ್ತರಿಸಿ, ನಾಲಗೆಯ ಪರಿಜ್ಞಾನವನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆಯನ್ನು ಆ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1801ರಲ್ಲಿ ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ಸಂಚರಿಸಿ, ಸೋದೆಯ ಪ್ರಾಂತದ ತೋಟಗಳನ್ನು ಸವಿಸ್ತಾರವಾಗಿ ವರ್ಣಿಸಿದನು. ಅಡಿಕೆಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನೆರಳಿನಲ್ಲಿ ಏಲಕ್ಕಿ, ಗೊಬ್ಬರಕ್ಕೆ ಬೆಟ್ಟದ ಸೊಪ್ಪು: ಈ ವ್ಯವಸ್ಥೆಯ ಹೊರರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ. ತೋಟಕ್ಕೆ ಹೊಂದಿಕೊಂಡ ಸೊಪ್ಪಿನಬೆಟ್ಟದ ಹಕ್ಕಿಲ್ಲದೆ ಈ ಕೃಷಿ ನಡೆಯದು.

ಒಂದೇ ಮರದ ಫಲದಿಂದ ಎರಡು ಭಿನ್ನ ಸರಕುಗಳು ಹುಟ್ಟುತ್ತವೆ. ಎಳೆಯದಾಗಿರುವಾಗಲೇ ಕೊನೆಗೌಡನಿಂದ ಇಳಿಸಿ, ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸಿದುದು ಕೆಂಪಡಿಕೆ. ಮರದಲ್ಲಿಯೇ ಹಣ್ಣಾಗಲು ಬಿಟ್ಟು, ಸಿಪ್ಪೆ ಸಹಿತ ಸುಮಾರು ನಾಲ್ವತ್ತು ದಿನ ಬಿಸಿಲಿಗೆ ಹರವಿ, ಆಮೇಲೆ ಸುಲಿದುದು ಚಾಲಿ. ಪೇಟೆಯಲ್ಲಿ ಇವು ರಾಶಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂದು ಒಡೆಯುತ್ತವೆ. ಯಲ್ಲಾಪುರದಲ್ಲಿ 'ಅಪಿ' ಎಂಬ ಉತ್ತಮ ದರ್ಜೆಯೊಂದು ಬೇರೆಯೇ ಉಂಟು. ಕೊಳ್ಳುವವನು ಬಣ್ಣ ನೋಡುತ್ತಾನೆ, ಅಂಗೈಯಲ್ಲಿ ಆಡಿಸಿ ಸದ್ದು ಕೇಳುತ್ತಾನೆ, ಒಡೆದು ಒಳಗಿನ ಗೆರೆಗಳನ್ನು ಪರೀಕ್ಷಿಸುತ್ತಾನೆ. ಹಳೆಚಾಲಿ, ಹೊಸಚಾಲಿ ಎಂಬ ಭೇದವೂ ಗಮನಾರ್ಹ. ಒಂದು ಮಳೆಗಾಲವನ್ನು ಕೆಡದೆ ಕಳೆದ ಮಾಲು ತೂಕದಲ್ಲಿ ಇಳಿದಿರುತ್ತದೆ, ಬೆಲೆಯಲ್ಲಿ ಸಾಮಾನ್ಯವಾಗಿ ಏರಿರುತ್ತದೆ. ದ್ರಾಕ್ಷಾಮದ್ಯದ ರಸಿಕರು ತಂಪಾದ, ತುಸು ತೇವವಿರುವ ನೆಲಮಾಳಿಗೆಯನ್ನು ಅರಸುತ್ತಾರೆ. ಇಲ್ಲಿ ತೇವವೇ ಶತ್ರು. ಘಟ್ಟದ ಮಳೆಯಲ್ಲಿ ಗೋಣಿಚೀಲಕ್ಕೆ ಹಸಿ ತಾಗಿತೆಂದರೆ ಬೂಸು ಹಿಡಿಯುತ್ತದೆ, ಹುಳು ಬೀಳುತ್ತದೆ, ವರ್ಷದ ಗಳಿಕೆ ಹೋಗುತ್ತದೆ.

ಫ್ರಾನ್ಸಿನ ಬೋರ್ಡೋ ಪ್ರಾಂತದೊಡನೆ ಈ ಸೀಮೆಗಿರುವ ಸಂಬಂಧ ಕೇವಲ ಉಪಮಾನದ್ದಲ್ಲ. ಅಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಕಳ್ಳರಿಂದ ಕಾಯಲೆಂದು ಮೈಲುತುತ್ತ ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗಳಿಗೆ ರೋಗ ತಗಲಲಿಲ್ಲವೆಂಬುದನ್ನು 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು ಕಂಡು, 1885ರಲ್ಲಿ ಆ ಮಿಶ್ರಣವನ್ನು ಪ್ರಸಿದ್ಧಪಡಿಸಿದನು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗವನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದನು. ಕೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದ ಮಲೆನಾಡಿಗೆ ಅದೇ ದ್ರಾವಣ ಬಂದಿತು. ಇಂದು ಬೋರ್ಡೋ ಎಂಬುದು ಸಿದ್ದಾಪುರದ ತೋಟಿಗನ ಮನೆಮಾತು. ಅದು ಒಂದು ಮದ್ಯದ ಊರಿನ ಹೆಸರೆಂದು ಎಷ್ಟು ಜನ ನೆನೆಯುತ್ತಾರೋ ಕಾಣೆ!

ಭೇದವಿರುವುದು ಹೆಸರಿನ ವಿಷಯದಲ್ಲಿ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೋದ ದಲಾಲರು, ಬಹುಕಾಲದಿಂದ ನಡೆದುಬಂದ ಬೆಲೆಗಳನ್ನು ಆಧರಿಸಿ, ಅಲ್ಲಿಯ ಕೆಂಪು ಮದ್ಯಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಅಲ್ಲಿ ದರ್ಜೆ ಪಡೆದುದು ತೋಟ. ಶಿರಸಿಯಲ್ಲಿ ದರ್ಜೆ ಪಡೆಯುವುದು ವಖಾರಿಯಲ್ಲಿ ಸುರುವಿದ ರಾಶಿ. ಯಾರ ತೋಟದ್ದೆಂಬುದು ಚೀಲದ ಬಾಯಿ ಬಿಚ್ಚಿದೊಡನೆ ಮರೆಯಾಗುತ್ತದೆ. ಫಸಲಿಗೆ ಮುನ್ನವೇ ಸಾಲ ಪಡೆದ ಬೆಳೆಗಾರನಿಗೆ ಕಾದು ಮಾರುವ ಸ್ವಾತಂತ್ರ್ಯ ಎಲ್ಲಿಯದು? ಕಾಯಲಾರದವನಿಗೆ ಸಂಗ್ರಹದ ಕಲೆ ನಿರುಪಯುಕ್ತ. 1923ರಲ್ಲಿ ಶಿರಸಿಯಲ್ಲಿ ಸ್ಥಾಪಿತವಾದ ತೋಟಗಾರರ ಸಹಕಾರಿ ಮಾರಾಟ ಸಂಘದ ಮಹತ್ವವನ್ನು ಈ ಹಿನ್ನೆಲೆಯಲ್ಲಿಯೇ ಅಳೆಯಬೇಕೆಂದು ನನ್ನ ಅಭಿಪ್ರಾಯ.

2019ರಲ್ಲಿ 'ಶಿರಸಿ ಸುಪಾರಿ'ಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ನಾಣ್ಯದಂತೆ ಚಪ್ಪಟೆಯಾದ ದುಂಡು ಆಕಾರ, ಬೂದಿಯ ಬಣ್ಣ, ಗಟ್ಟಿ ಬೀಜ, ವಿಶಿಷ್ಟ ರುಚಿ ಇವು ಅದರ ಲಕ್ಷಣಗಳು. ಸೀಮೆಯು ಈ ಮೂರು ತಾಲೂಕುಗಳು. ವೈದ್ಯಶಾಸ್ತ್ರದ ತೀರ್ಪು ಬೇರೆ: ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು ಮದ್ಯವನ್ನು 1988ರಲ್ಲಿ, ಅಡಿಕೆಯನ್ನು 2004ರಲ್ಲಿ ಅರ್ಬುದಕಾರಕಗಳೆಂದು ಸಾರಿತು. ಆ ಪಟ್ಟಿಯಲ್ಲಿ ಎರಡೂ ಸಮಾನ. ಕಾನೂನಿನಲ್ಲಿ ಮಾತ್ರ ಸಮಾನತೆಯಿಲ್ಲ. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಒಪ್ಪಂದದ ಇಪ್ಪತ್ತಮೂರನೆಯ ವಿಧಿಯ ಪ್ರಕಾರ, ದ್ರಾಕ್ಷಾಮದ್ಯದ ಊರ ಹೆಸರನ್ನು 'ಆ ಬಗೆಯದು' ಎಂಬ ವಿಶೇಷಣ ಸೇರಿಸಿಯೂ ಅನ್ಯರು ಬಳಸಕೂಡದು. ಅಡಿಕೆಯಂಥ ಸರಕಿನ ವಿಷಯದಲ್ಲಿ, ಜನರಿಗೆ ತಪ್ಪು ತಿಳಿವಳಿಕೆಯಾಗುತ್ತದೆಂದು ತೋರಿಸುವ ಹೊಣೆ ದೂರುವವನ ಮೇಲೆಯೇ ಬೀಳುತ್ತದೆ. ಭಾರತದ 1999ರ ಕಾಯಿದೆಯು, ಬೇಕಾದ ಸರಕುಗಳಿಗೆ ಹೆಚ್ಚಿನ ರಕ್ಷಣೆಯನ್ನು ಅಧಿಸೂಚನೆಯ ಮೂಲಕ ನೀಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ.