ಬಿಸಿಲಿಗೂ ಬಾಡಿಗೆ: ಕ್ಯಾಲಿಫೋರ್ನಿಯಾ ಕರಾವಳಿಯ ಮನೆಖರ್ಚಿನ ಕಥೆ

50-30-20 ಅನ್ನೋ ಸೂತ್ರವನ್ನ ನೀವು ಕೇಳೇ ಇರ್ತೀರಿ. ಕೈಗೆ ಬರೋ ಸಂಬಳದಲ್ಲಿ ಅರ್ಧ ಅಗತ್ಯಗಳಿಗೆ, ಶೇಕಡಾ 30 ಆಸೆಗಳಿಗೆ, ಉಳಿದ 20 ಉಳಿತಾಯಕ್ಕೆ. ಈಗ ಕನ್ನಡದ ರೀಲ್ಸ್‌ನಲ್ಲೂ ದಿನಕ್ಕೊಬ್ಬರು ಇದನ್ನ ಹೇಳ್ತಾರೆ, ಏನೋ ವೇದದಿಂದ ಬಂದಿದೆ ಅನ್ನೋ ಹಾಗೆ. ಇದು ಜನಪ್ರಿಯ ಆಗಿದ್ದು 2005ರಲ್ಲಿ. ದಿವಾಳಿ ಕಾನೂನು ಪಾಠ ಮಾಡ್ತಿದ್ದ, ಆಮೇಲೆ ಅಮೆರಿಕದ ಸೆನೆಟರ್ ಆದ ಎಲಿಜಬೆತ್ ವಾರೆನ್, ಮಗಳು ಅಮೇಲಿಯಾ ವಾರೆನ್ ತ್ಯಾಗಿ ಜೊತೆ ಸೇರಿ ಬರೆದ ‘ಆಲ್ ಯುವರ್ ವರ್ತ್’ ಪುಸ್ತಕದಿಂದ.

ಕ್ಯಾಲಿಫೋರ್ನಿಯಾದಲ್ಲಿರೋ ಕೆಲವು ಕೇಳುಗರು ನಮಗೆ ಆಗಾಗ ಬರೀತಾರೆ. ಊರಲ್ಲಿ ಸಂಬಳದ ಡಾಲರನ್ನ ರೂಪಾಯಿಗೆ ಗುಣಿಸಿ ‘ಕೋಟ್ಯಧಿಪತಿ’ ಅಂತಾರಂತೆ. ಖರ್ಚನ್ನ ಮಾತ್ರ ಯಾರೂ ಗುಣಿಸಲ್ಲ. ಅವರ ಪ್ರಶ್ನೆ ಒಂದೇ: ಈ ಸೂತ್ರ ನಮಗೆ ಯಾಕೆ ಕೂರಲ್ಲ? ಅರ್ಧ ಸಂಬಳದಲ್ಲಿ ಬಾಡಿಗೆ ಕಟ್ಟೋಕೇ ಆಗಲ್ಲ, ಅಗತ್ಯಗಳ ಮಾತು ಆಮೇಲೆ. ನಾನು ಬಿ.ಕಾಂ ಓದಿದವನು. ಲೆಕ್ಕ ತಾಳೆ ಆಗದಿದ್ರೆ ಹಿಂದಿನ ವರ್ಷದ ಲೆಡ್ಜರ್ ತೆಗೀಬೇಕು ಅನ್ನೋದು ನಮಗೆ ಕಲಿಸಿದ ಮೊದಲ ಪಾಠ. ಇವತ್ತು ಅದನ್ನೇ ಮಾಡೋಣ. ಸುಮಾರು 100 ವರ್ಷದ ಹಿಂದಿನ ಲೆಡ್ಜರ್.

1923ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹೆಲ್ಲರ್ ಕಮಿಟಿ ಅಂತ ಒಂದು ಶುರುವಾಯ್ತು. ಕ್ಲಾರಾ ಹೆಲ್‌ಮನ್ ಹೆಲ್ಲರ್ ಅನ್ನೋ ಮಹಿಳೆ ಕೊಟ್ಟ ದುಡ್ಡು, ಅದಕ್ಕೇ ಆ ಹೆಸರು. ಅದರ ಹಿಂದಿನ ತಲೆ ಜೆಸ್ಸಿಕಾ ಪೆಶೋಟೊ. ಆ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಪಡೆದ ಎರಡನೇ ಮಹಿಳೆ, ಅಲ್ಲಿ ಪೂರ್ಣ ಪ್ರೊಫೆಸರ್ ಆದ ಮೊದಲ ಮಹಿಳೆ. ಅರ್ಥಶಾಸ್ತ್ರಜ್ಞೆ. ಈ ಕಮಿಟಿಯ ಕೆಲಸ ಕೇಳೋಕೆ ಬೋರಿಂಗ್: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಸಂಸಾರಕ್ಕೆ ಏನೇನು ಬೇಕು, ಎಷ್ಟೆಷ್ಟು ಬೇಕು ಅಂತ ಪಟ್ಟಿ ಮಾಡೋದು, ಆಮೇಲೆ ಅಂಗಡಿಗಳ ಬೆಲೆ ಹಾಕಿ ಒಟ್ಟು ಕೂಡೋದು. ಅಧಿಕಾರಿಯ ಮನೆಗೆ ಬೇರೆ ಪಟ್ಟಿ, ಗುಮಾಸ್ತನ ಮನೆಗೆ ಬೇರೆ, ಕೂಲಿಕಾರನ ಮನೆಗೆ ಬೇರೆ. ಬೆಲೆ ಬದಲಾದಂತೆ ಪಟ್ಟಿಯ ಮೊತ್ತವೂ ಹೊಸದಾಗ್ತಾ ಇತ್ತು.

ನನಗೆ ಇಷ್ಟವಾಗೋದು ಏನಂದ್ರೆ, ಈ ಬಜೆಟ್ ಯಾರಿಗೂ ‘ನೀನು ಕಾಫಿ ಕಡಿಮೆ ಮಾಡು’ ಅಂತ ಹೇಳೋಕೆ ಮಾಡಿದ್ದಲ್ಲ. ದಿಕ್ಕೇ ಉಲ್ಟಾ. ಈ ಊರಲ್ಲಿ ಮರ್ಯಾದೆಯಿಂದ ಬದುಕೋಕೆ ಇಷ್ಟು ಬೇಕು, ಹಾಗಾದ್ರೆ ಸಂಬಳ ಎಷ್ಟಿರಬೇಕು ಅನ್ನೋ ಪ್ರಶ್ನೆ ಅದು. ಪೆಶೋಟೊ ಕ್ಯಾಲಿಫೋರ್ನಿಯಾದ ನಾಗರಿಕ ಸೇವಾ ಆಯೋಗಕ್ಕೂ ಜೀವನವೆಚ್ಚದ ವರದಿ ಮಾಡಿಕೊಟ್ಟಿದ್ದರು, ಸರ್ಕಾರಿ ನೌಕರರ ಸಂಬಳದ ವಿಚಾರಕ್ಕೆ. ಅಂದ್ರೆ ಲೆಕ್ಕದ ಹೊರೆ ಸಂಬಳ ಕೊಡೋನ ಮೇಲಿತ್ತು, ತಗೊಳ್ಳೋನ ಮೇಲಲ್ಲ.

1927ರಲ್ಲಿ ಅವರು ತಮ್ಮದೇ ವಿಶ್ವವಿದ್ಯಾಲಯದ 96 ಅಧ್ಯಾಪಕರ ಮನೆಗಳ ಲೆಕ್ಕ ಹಿಡಿದು ಒಂದು ಪುಸ್ತಕ ಬರೆದರು. ಸಹೋದ್ಯೋಗಿಗಳ ಅಡುಗೆಮನೆ ಖರ್ಚು ಕೇಳೋಕೆ ಎಷ್ಟು ಧೈರ್ಯ ಬೇಕು ಯೋಚಿಸಿ! 1929ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ 82 ಮುದ್ರಣ ಕಾರ್ಮಿಕರ ಸಂಸಾರಗಳ ಅಧ್ಯಯನ ಬಂತು. 1933ರಲ್ಲಿ ಕಾನ್‌ಸ್ಟಂಟೀನ್ ಪನುನ್ಸಿಯೊ ಅನ್ನೋರು ಇದೇ ಕಮಿಟಿಗಾಗಿ ಸ್ಯಾನ್ ಡಿಯಾಗೋದ 100 ಮೆಕ್ಸಿಕನ್ ಸಂಸಾರಗಳ ಆದಾಯ-ಖರ್ಚು ಬರೆದರು. ಬಿಸಿಲು, ಸಮುದ್ರ, ಪೋಸ್ಟ್‌ಕಾರ್ಡ್ ಚಿತ್ರ ಅಂತ ಹೆಸರಾದ ಊರಲ್ಲಿ ಕೂಲಿ ಮಾಡೋರು ಏನು ತಿಂತಾರೆ, ಎಲ್ಲಿ ಮಲಗ್ತಾರೆ ಅನ್ನೋ ಲೆಕ್ಕ.

ಸ್ಯಾನ್ ಡಿಯಾಗೋ ಅಂದ ಕೂಡಲೇ ಅಲ್ಲಿನ ಒಂದು ಮಾತು ನೆನಪಾಗುತ್ತೆ: ‘ಸನ್‌ಶೈನ್ ಟ್ಯಾಕ್ಸ್’. ಬಿಸಿಲ ತೆರಿಗೆ. ಸಂಬಳ ಸ್ವಲ್ಪ ಕಡಿಮೆ, ಮನೆ ತುಂಬ ದುಬಾರಿ, ಆದರೆ ಹವಾಮಾನ ನೋಡಿ ಸ್ವಾಮಿ, ಆ ವ್ಯತ್ಯಾಸವೇ ನೀವು ಬಿಸಿಲಿಗೆ ಕಟ್ಟೋ ತೆರಿಗೆ ಅಂತ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಗಂಭೀರವಾದ ಮಾದರಿಯೇ ಇದೆ. ಶೆರ್ವಿನ್ ರೋಸನ್ 1979ರಲ್ಲಿ, ಜೆನಿಫರ್ ರೋಬ್ಯಾಕ್ 1982ರಲ್ಲಿ ಬರೆದದ್ದು. ಒಳ್ಳೆ ಹವೆ ಇರೋ ಊರಲ್ಲಿ ಜನ ಹೆಚ್ಚು ಬಾಡಿಗೆ, ಕಡಿಮೆ ಕೂಲಿಗೆ ಒಪ್ಪಿಕೊಳ್ತಾರೆ ಅನ್ನೋದು ಸಾರಾಂಶ.

ಕೇಳೋಕೆ ಸರಿ ಅನಿಸುತ್ತೆ. ಆದರೆ ಲೆಡ್ಜರ್ ಒಪ್ಪಲ್ಲ. ಬಿಸಿಲು 1940ರಲ್ಲೂ ಇತ್ತಲ್ವಾ? ಅಲ್ಲಿನ ಶಾಸನಸಭೆಗೆ ಹಣಕಾಸಿನ ಸಲಹೆ ಕೊಡೋ ಕಚೇರಿ 2015ರಲ್ಲಿ ಒಂದು ವರದಿ ಕೊಟ್ಟಿತು. ಅದರ ಪ್ರಕಾರ 1940ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಮನೆ ದೇಶದ ಸರಾಸರಿಗಿಂತ ಸುಮಾರು ಶೇಕಡಾ 20 ದುಬಾರಿ. 1970ರಲ್ಲಿ ಶೇಕಡಾ 30. ಮೂವತ್ತು ವರ್ಷದಲ್ಲಿ ಲಕ್ಷಾಂತರ ಜನ ಬಂದು ನೆಲೆಸಿದರೂ ಇಷ್ಟೇ ಏರಿಕೆ. ಆಮೇಲೆ ಬರೀ ಹತ್ತು ವರ್ಷ, 1980ರಲ್ಲಿ ಶೇಕಡಾ 80! ವರದಿ ಬರೆಯೋ ಹೊತ್ತಿಗೆ ಎರಡೂವರೆ ಪಟ್ಟು: ಅಲ್ಲಿನ ಸರಾಸರಿ ಮನೆ 4,40,000 ಡಾಲರ್, ದೇಶದ್ದು 1,80,000. ಎಪ್ಪತ್ತರ ದಶಕದಲ್ಲಿ ಸೂರ್ಯ ಏನೂ ಹತ್ತಿರ ಬರಲಿಲ್ಲ. ಬೇರೇನೋ ಆಯ್ತು.

ಅದಕ್ಕೂ ಮುಂಚೆ ಜನಕ್ಕೆ ಹೇಗೆ ಮನೆ ಸಿಕ್ತಿತ್ತು ಅಂತ ನೋಡಬೇಕು. ಲಾಂಗ್ ಬೀಚ್ ಪಕ್ಕದಲ್ಲಿ ಲೇಕ್‌ವುಡ್ ಅನ್ನೋ ಊರಿದೆ. 1950ರಿಂದ ಮೂರು ವರ್ಷದಲ್ಲಿ ಅಲ್ಲಿ 17,500 ಮನೆ ಎದ್ದು ನಿಂತವು. ಯುದ್ಧದಿಂದ ಬಂದ ಸೈನಿಕರಿಗೆ ಸರ್ಕಾರದ ಖಾತರಿ ಇರೋ ಸಾಲ, ವಿಮಾನ ಕಾರ್ಖಾನೆಯ ಸಂಬಳ, ಕಂತು ಕಟ್ಟೋಕೆ ಸಾಕಾಗ್ತಿತ್ತು. ಒಂದು ಮಾತು ಸೇರಿಸಲೇಬೇಕು: ಆ ಅಗ್ಗದ ಮನೆಗಳು ಕಪ್ಪು ಜನರಿಗೆ ಸಿಗ್ತಿರಲಿಲ್ಲ. ಮನೆ ಮಾರಾಟದಲ್ಲಿ ಜನಾಂಗ ಭೇದ ಮಾಡಬಾರದು ಅಂತ ರಾಜ್ಯ ಕಾನೂನು ತಂದಾಗ, 1964ರಲ್ಲಿ ಮತದಾರರೇ ಜನಮತದಲ್ಲಿ ಅದನ್ನ ಬದಿಗೊತ್ತಿದರು. ಕೋರ್ಟು ಅದನ್ನ ರದ್ದು ಮಾಡಬೇಕಾಯ್ತು. ಹಾಗಾಗಿ ‘ಆ ಕಾಲವೇ ಚೆನ್ನಾಗಿತ್ತು’ ಅಂತ ನಾನು ಹೇಳಲ್ಲ. ಮನೆ ಕಟ್ತಾ ಇದ್ದರು, ಅಷ್ಟೇ.

ಎಪ್ಪತ್ತರ ದಶಕದಲ್ಲಿ ಕಟ್ಟೋದು ಕಷ್ಟ ಆಗುತ್ತಾ ಬಂತು, ಬಹುತೇಕ ಒಳ್ಳೆ ಕಾರಣಕ್ಕೇ. 1969ರಲ್ಲಿ ಸಾಂಟಾ ಬಾರ್ಬರಾ ಸಮುದ್ರದಲ್ಲಿ ತೈಲ ಸೋರಿ ದಡವೆಲ್ಲ ಕಪ್ಪಾಯ್ತು. 1970ರಲ್ಲಿ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್ ಪರಿಸರ ಪರಿಶೀಲನೆ ಕಾಯ್ದೆಗೆ ಸಹಿ ಹಾಕಿದರು. 1972ರಲ್ಲಿ ಕೋರ್ಟು ಅದು ಖಾಸಗಿ ಯೋಜನೆಗಳಿಗೂ ಅನ್ವಯ ಅಂದಿತು. ಅದೇ ವರ್ಷ ಜನ ಮತ ಹಾಕಿ ಕರಾವಳಿ ಆಯೋಗ ತಂದರು. ಸಮುದ್ರ ತೀರ ಎಲ್ಲರ ಆಸ್ತಿಯಾಗಿ ಉಳಿದಿದ್ದರಲ್ಲಿ ಅದರ ಪಾಲು ದೊಡ್ಡದು, ಅದನ್ನ ಮರೆಯೋ ಹಾಗಿಲ್ಲ. ಅದೇ 1972ರಲ್ಲಿ ಪೆಟಲೂಮಾ ಅನ್ನೋ ಸಣ್ಣ ಊರು ವರ್ಷಕ್ಕೆ 500 ಮನೆಗಿಂತ ಹೆಚ್ಚು ಬೇಡ ಅಂತ ಮಿತಿ ಹಾಕಿತು, ಮೇಲಿನ ಕೋರ್ಟು ಎತ್ತಿ ಹಿಡೀತು. ಬೇರೆ ಊರುಗಳು ಬಿಡ್ತಾವಾ? ಪರಿಣಾಮ ನಿಧಾನಕ್ಕೆ ಕಂಡಿತು. 1980ರಿಂದ 2010ರವರೆಗೆ ದೇಶದ ಸಾಮಾನ್ಯ ಮಹಾನಗರ ಪ್ರದೇಶದಲ್ಲಿ ಮನೆಗಳ ಸಂಖ್ಯೆ ಶೇಕಡಾ 54 ಬೆಳೀತು. ಕ್ಯಾಲಿಫೋರ್ನಿಯಾ ಕರಾವಳಿಯ ನಗರಗಳಲ್ಲಿ 32. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು 20.

ಈಗ ಬಿ.ಕಾಂ ವಿದ್ಯಾರ್ಥಿಗೆ ಪ್ರಿಯವಾದ ಭಾಗ: ಪ್ರೊಪೊಸಿಷನ್ 13.

ಎಪ್ಪತ್ತರ ಹಣದುಬ್ಬರದಲ್ಲಿ ಮನೆ ಬೆಲೆ ಏರ್ತಾ ಹೋಯ್ತು. ಆಸ್ತಿ ತೆರಿಗೆ ಬೆಲೆಯ ಮೇಲೆ. ನಿವೃತ್ತರಾಗಿ ಪಿಂಚಣಿ ಮೇಲೆ ಬದುಕ್ತಿದ್ದ ಮುದುಕಿಯ ಮನೆ ಕಾಗದದ ಮೇಲೆ ಎರಡು-ಮೂರು ಪಟ್ಟಾದ್ರೆ ತೆರಿಗೆಯೂ ಹಾಗೇ. ಪಿಂಚಣಿ ಮಾತ್ರ ಇದ್ದಷ್ಟೇ. ಅವರ ಭಯ ನಿಜವಾದದ್ದು. ಹೊವಾರ್ಡ್ ಜಾರ್ವಿಸ್ ಅನ್ನೋ ಹಟಮಾರಿ ಹೋರಾಟಗಾರ ಆ ಭಯವನ್ನ ಚಳವಳಿ ಮಾಡಿದರು. ಅವರು ಲಾಸ್ ಏಂಜಲೀಸ್‌ನ ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಪದಾಧಿಕಾರಿಯೂ ಹೌದು, ಅದನ್ನ ನೆನಪಿಟ್ಟುಕೊಳ್ಳಿ. 1978ರ ಜೂನ್ 6ರಂದು ಸುಮಾರು ಮೂರನೇ ಎರಡು ಭಾಗ ಮತದಾರರು ಹೌದು ಅಂದರು. ಆಸ್ತಿ ತೆರಿಗೆ ಬೆಲೆಯ ಶೇಕಡಾ 1ಕ್ಕೆ ಸೀಮಿತ. ಆ ಬೆಲೆಯನ್ನ 1975ರ ಮಟ್ಟಕ್ಕೆ ಇಳಿಸಿ, ವರ್ಷಕ್ಕೆ ಗರಿಷ್ಠ ಶೇಕಡಾ 2 ಮಾತ್ರ ಏರಿಸಬಹುದು. ಮನೆ ಕೈ ಬದಲಾದರೆ ಹೊಸ ಮಾರುಕಟ್ಟೆ ಬೆಲೆ.

ಲೆಕ್ಕ ಹಾಕಿ ನೋಡೋಣ, ಉದಾಹರಣೆಗೆ ಅಷ್ಟೇ. 1978ರಲ್ಲಿ 60,000 ಡಾಲರಿಗೆ ಒಬ್ಬರು ಮನೆ ತಗೊಂಡರು. ವರ್ಷಕ್ಕೆ ಶೇಕಡಾ 2ರ ಚಕ್ರಬಡ್ಡಿ ಹಾಗೆ ಏರಿಸಿದರೂ 46 ವರ್ಷ ಆದ ಮೇಲೆ, 2024ರಲ್ಲಿ, ತೆರಿಗೆ ಲೆಕ್ಕದ ಬೆಲೆ ಸುಮಾರು 1,49,000. ತೆರಿಗೆ ವರ್ಷಕ್ಕೆ 1,490 ಡಾಲರ್. ಪಕ್ಕದ ಮನೆ, ಅದೇ ಗೋಡೆ ಅದೇ ಅಂಗಳ, ಇನ್ನೊಬ್ಬರು 15 ಲಕ್ಷ ಡಾಲರಿಗೆ ಅದೇ ವರ್ಷ ತಗೊಂಡರು. ತೆರಿಗೆ 15,000. ಹತ್ತು ಪಟ್ಟು! ಒಂದೇ ಶಾಲೆ, ಒಂದೇ ಚರಂಡಿ.

1965ರ ವಲಸೆ ಕಾನೂನಿನ ನಂತರ ಹೋಗಿ ಎಪ್ಪತ್ತು-ಎಂಬತ್ತರಲ್ಲಿ ಮನೆ ಮಾಡಿಕೊಂಡ ನಮ್ಮ ಹಿರಿಯ ಕನ್ನಡಿಗರನ್ನೂ, ಮೊನ್ನೆ ಎಚ್-1ಬಿ ವೀಸಾದಲ್ಲಿ ಹೋದ ಹುಡುಗರನ್ನೂ ಯುಗಾದಿಗೆ ಕನ್ನಡ ಕೂಟದಲ್ಲಿ ಅಕ್ಕಪಕ್ಕ ಕೂರಿಸಿ. ಹೋಳಿಗೆ ಒಂದೇ, ಲೆಡ್ಜರ್ ಬೇರೆ. ಹಿರಿಯರು ‘ನಾವೂ ಕಷ್ಟಪಟ್ಟೇ ತಗೊಂಡ್ವಿ’ ಅಂತಾರೆ. ಸುಳ್ಳಲ್ಲ. ಆದರೆ ಅವರ ಬಜೆಟ್ಟಿನ ಒಂದು ಸಾಲನ್ನ ಸಂವಿಧಾನವೇ ಕಟ್ಟಿ ಹಾಕಿಕೊಟ್ಟಿದೆ, ಹುಡುಗನದ್ದನ್ನ ಯಾರೂ ಕಟ್ಟಿ ಹಾಕಿಲ್ಲ.

ಇದು ಅನ್ಯಾಯ ಅಂತ ಸ್ಟೆಫನಿ ನಾರ್ಡ್‌ಲಿಂಗರ್ ಕೋರ್ಟಿಗೆ ಹೋದರು. 1988ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 1,70,000 ಡಾಲರಿಗೆ ಮನೆ ತಗೊಂಡಿದ್ದರು. 1975ರಿಂದ ಇದ್ದ ಕೆಲ ನೆರೆಯವರಿಗಿಂತ ಅವರಿಗೆ ಐದು ಪಟ್ಟಿನಷ್ಟು ತೆರಿಗೆ. 1992ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ ಪ್ರೊಪೊಸಿಷನ್ 13 ಸಂವಿಧಾನಬದ್ಧ ಅಂದಿತು.

ಬಾಡಿಗೆದಾರರ ಕಥೆ? ಮಾಲೀಕರ ತೆರಿಗೆ ಇಳಿದರೆ ನಿಮ್ಮ ಬಾಡಿಗೆಯೂ ಇಳಿಯುತ್ತೆ ಅಂತ ಪ್ರಚಾರದಲ್ಲಿ ಹೇಳಿದ್ದರು. ಬಹಳ ಕಡೆ ಇಳೀಲಿಲ್ಲ. ಜನ ರೇಗಿದರು. ಒಂದೇ ವರ್ಷದೊಳಗೆ, 1979ರಲ್ಲಿ, ಸಾಂಟಾ ಮೋನಿಕಾ, ಸ್ಯಾನ್ ಫ್ರಾನ್ಸಿಸ್ಕೋ ಬಾಡಿಗೆ ನಿಯಂತ್ರಣ ತಂದವು. ಅಲ್ಲೂ ಹಳಬರಿಗೆ ರಕ್ಷಣೆ, ಹೊಸಬರಿಗೆ ಸಾಲು. 1995ರ ರಾಜ್ಯ ಕಾನೂನು ಖಾಲಿಯಾದ ಮನೆಗೆ ಮಾಲೀಕ ಇಷ್ಟ ಬಂದ ಬಾಡಿಗೆ ಹಾಕಬಹುದು ಅಂದಿತು.

ಹಾಗಾದ್ರೆ ‘ಬಾಡಿಗೆ ಆದಾಯದ ಶೇಕಡಾ 30 ದಾಟಬಾರದು’ ಅನ್ನೋ ನಿಯಮ? ಅದರ ಹುಟ್ಟೂ ಸ್ವಾರಸ್ಯ. ಸೆನೆಟರ್ ಎಡ್ವರ್ಡ್ ಬ್ರೂಕ್ 1969ರಲ್ಲಿ ಒಂದು ತಿದ್ದುಪಡಿ ತಂದರು: ಸರ್ಕಾರಿ ವಸತಿಯಲ್ಲಿರೋ ಬಡವರಿಂದ ಆದಾಯದ ಶೇಕಡಾ 25ಕ್ಕಿಂತ ಹೆಚ್ಚು ಬಾಡಿಗೆ ತಗೋಬಾರದು. 1981ರಲ್ಲಿ ಅದನ್ನ 30ಕ್ಕೆ ಏರಿಸಿದರು, ಸರ್ಕಾರದ ಖರ್ಚು ಉಳಿಸೋಕೆ. ಅಂದ್ರೆ ಇದು ಸರ್ಕಾರ ತನಗೆ ತಾನೇ ಹಾಕಿಕೊಂಡ ಕಡಿವಾಣ. ಕಾಲಕ್ರಮೇಣ ಅದು ಬಾಡಿಗೆದಾರನಿಗೆ ಉಪದೇಶ ಆಯ್ತು, ಮೀರಿದರೆ ನಿನ್ನದೇ ತಪ್ಪು ಅಂತ. 2015ರ ಅದೇ ವರದಿಯ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ ಆದಾಯದ ಕೆಳಗಿನ ಕಾಲು ಭಾಗದ ಮನೆಗಳು ವಸತಿಗೆ ಸರಾಸರಿ ಶೇಕಡಾ 67 ಖರ್ಚು ಮಾಡ್ತಿದ್ದವು. ಮೇಲಿನ ಕಾಲು ಭಾಗ 16. 67 ಖರ್ಚಾದ ಮನೆಗೆ 50-30-20 ಹೇಳೋದು ಅಂದ್ರೆ, ನನಗಂತೂ ಹಸಿದವನಿಗೆ ಏಕಾದಶಿ ಮಹಿಮೆ ಹೇಳಿದ ಹಾಗೆ ಅನಿಸುತ್ತೆ.

ಇದೇ ಗೊಂದಲ ಬಡತನದ ಲೆಕ್ಕದಲ್ಲೂ ಇದೆ. ಮಾಲಿ ಓರ್ಶಾನ್ಸ್ಕಿ ಅನ್ನೋ ಅಧಿಕಾರಿ ಅರವತ್ತರ ದಶಕದಲ್ಲಿ ಅಮೆರಿಕದ ಬಡತನ ರೇಖೆ ಹಾಕಿದ್ದು ಊಟದ ಖರ್ಚನ್ನ ಮೂರರಿಂದ ಗುಣಿಸಿ, ಯಾಕಂದ್ರೆ 1955ರ ಸರ್ವೆಯಲ್ಲಿ ಸಂಸಾರಗಳು ಮೂರನೇ ಒಂದು ಭಾಗ ಊಟಕ್ಕೆ ಖರ್ಚು ಮಾಡ್ತಿದ್ದವು. ಇವತ್ತಿಗೂ ಅಧಿಕೃತ ರೇಖೆ ಅದರ ಮೇಲೇ ನಿಂತಿದೆ, ಮಿಸಿಸಿಪ್ಪಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಒಂದೇ. ಮನೆ ಖರ್ಚು ಸೇರಿಸಿ ಅಳೆಯೋ ಇನ್ನೊಂದು ಮಾಪನದಲ್ಲಿ ನೋಡಿದರೆ ಶ್ರೀಮಂತ ಕ್ಯಾಲಿಫೋರ್ನಿಯಾ ಬಡತನದಲ್ಲಿ ಮುಂಚೂಣಿ ರಾಜ್ಯಗಳ ಸಾಲಿಗೆ ಬರುತ್ತೆ. 2018ರಲ್ಲಿ ಕೇಂದ್ರದ ವಸತಿ ಇಲಾಖೆ ಸ್ಯಾನ್ ಫ್ರಾನ್ಸಿಸ್ಕೋ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ ‘ಕಡಿಮೆ ಆದಾಯ’ದ ಮಿತಿಯನ್ನ 1,17,400 ಡಾಲರ್ ಅಂತ ಘೋಷಿಸಿತು. ನಮ್ಮಲ್ಲಿ ಜನ ಅದನ್ನ ಜೋಕ್ ಅಂದುಕೊಂಡು ವಾಟ್ಸ್ಯಾಪಲ್ಲಿ ಹಂಚಿದರು.

ಅಲ್ಲಿನವರು ಬಜೆಟ್ ಹೇಗೆ ಹೊಂದಿಸ್ತಾರೆ ಅಂದ್ರೆ, ಬಾಡಿಗೆ ಸಾಲನ್ನ ಬೇರೆ ಸಾಲಿಗೆ ತಳ್ಳಿ. ಇಬ್ಬರ ಮನೆಯಲ್ಲಿ ನಾಲ್ವರು, ಗ್ಯಾರೇಜಿನಲ್ಲಿ ಒಂದು ಸಂಸಾರ. ಇಲ್ಲದಿದ್ದರೆ ಬೆಟ್ಟದ ಆಚೆ ಒಳನಾಡಿಗೆ ಹೋಗೋದು. 1998ರಲ್ಲಿ ಸ್ಟಾಕ್‌ಟನ್‌ನಿಂದ ಆಲ್ಟಮಾಂಟ್ ಕಣಿವೆ ದಾಟಿ ಸ್ಯಾನ್ ಹೋಸೆಗೆ ಒಂದು ರೈಲು ಶುರುವಾಯ್ತು, ಕೆಲಸಕ್ಕೆ ಹೋಗೋರಿಗಾಗಿಯೇ. ಒಂದು ದಿಕ್ಕಿಗೆ ಎರಡು ಗಂಟೆಗೂ ಹೆಚ್ಚು. ಬೆಳಗಿನ ಮೊದಲ ಗಾಡಿ ಹೊರಡೋದು ಇನ್ನೂ ಕತ್ತಲಿರುವಾಗಲೇ. ಹೆಲ್ಲರ್ ಕಮಿಟಿ ಇವತ್ತು ಇದ್ದಿದ್ದರೆ ಆ ನಾಲ್ಕು ಗಂಟೆಯನ್ನ ಯಾವ ಕಾಲಮ್ಮಿಗೆ ಹಾಕ್ತಿತ್ತೋ ನೋಡಬೇಕಿತ್ತು. ನಿಮ್ಮಲ್ಲಿ ಆ ರೈಲಲ್ಲಿ ಹೋಗೋರು ಯಾರಾದ್ರೂ ಇದ್ದರೆ ಬರೀರಿ.