ಹಾಡು ಯಾರದು?

ನವುಲೆಯ ನಮ್ಮ ಮನೆಯಲ್ಲಿ ಮೊನ್ನೆ ಒಂದು ಸಣ್ಣ ಜಗಳವಾಯಿತು. ಮೊಮ್ಮಗನು ಗಿಟಾರಿನ ಅಬ್ಬರದೊಡನೆ ಶಿಶುನಾಳ ಶರೀಫರ ಗುಡುಗುಡಿಯ ಹಾಡನ್ನು ಹಾಕಿದ. ‘ಇದೆಂಥ ಅಪಚಾರ!’ ಎಂದು ಗದರಿದೆ. ರಘು ದೀಕ್ಷಿತರು 2008ರಲ್ಲಿ ಹೊರತಂದ ಮೊದಲ ಆಲ್ಬಮ್ಮಂತೆ. ಅದರಲ್ಲಿ ಸೋರುವ ಮಾಳಿಗೆಯ ಹಾಡೂ ಉಂಟು.

‘ಹಾಗಾದರೆ ಅಜ್ಜ, ನೀವು ಕೇಳಿದ್ದು ಶರೀಫರ ಬಾಯಿಂದಲೋ?’ ಎಂದ ಹುಡುಗ.

ನಾನು ತಬ್ಬಿಬ್ಬಾದೆ. ಗೋವಿಂದಭಟ್ಟರ ಶಿಷ್ಯರಾದ ಶರೀಫರು (1819–1889) ಹಾಡಿದ ತತ್ತ್ವಪದಗಳನ್ನು ಉಳಿಸಿದವರು ತಂಬೂರಿ ಹಿಡಿದ ಭಜನೆಯ ಜನ. ನಾನು ಕಲಿತದ್ದಾದರೋ ಸಿ. ಅಶ್ವತ್ಥರ ಕ್ಯಾಸೆಟ್ಟಿನಿಂದ, ನಮ್ಮ ಜಿಲ್ಲೆಯ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರ ಕಂಠದಿಂದ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದಾಗ, ಅಶ್ವತ್ಥರದೇ ಸಂಗೀತದಲ್ಲಿ ಆ ಪದಗಳು ಚಿತ್ರಮಂದಿರವನ್ನೂ ಹೊಕ್ಕವು. ಆಗ ಹಾರ್ಮೋನಿಯಂ, ತಬಲಾಗಳು ನನಗೆ ಅಪಚಾರವೆನಿಸಲಿಲ್ಲ. ತಂಬೂರಿಯೊಂದನ್ನೇ ಬಲ್ಲ ಹಿರಿಯರು ನನ್ನ ಕ್ಯಾಸೆಟ್ಟನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!

ಕೈ ಬದಲಾಗದೆ ಪದ ಉಳಿಯುವುದಿಲ್ಲ. ಶರೀಫರ ಹೆಸರಿನಲ್ಲಿ ನಾನು ಕಾಯುತ್ತಿದ್ದದ್ದು ನನ್ನದೇ ಹರೆಯವನ್ನು.

‘ಇನ್ನೊಮ್ಮೆ ಹಾಕಪ್ಪ, ಮಾತು ಕಿವಿಗೆ ಬೀಳಲಿ’ ಎಂದೆ.