ಸಾಂಕ್ರಾಮಿಕದ ವರ್ಷಗಳಲ್ಲಿ ಕಾನೂನು ಪರೀಕ್ಷೆಗಳು: ಪದವಿಯಿಂದ ಸನದಿನವರೆಗಿನ ಅನಿಶ್ಚಿತತೆ

ಕಾನೂನು ಪದವಿ ಕೈಗೆ ಬಂದ ಮರುದಿನವೇ ಮಕ್ಕಳು ಕಪ್ಪು ಕೋಟು ತೊಟ್ಟು ನ್ಯಾಯಾಲಯದ ಮೆಟ್ಟಿಲೇರುತ್ತಾರೆಂಬ ಭಾವನೆ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ವಾಸ್ತವದಲ್ಲಿ ಪದವಿಗೂ ವೃತ್ತಿಗೂ ನಡುವೆ ಇನ್ನೆರಡು ಘಟ್ಟಗಳುಂಟು. 1961ರ ವಕೀಲರ ಅಧಿನಿಯಮದಂತೆ ಪದವೀಧರರು ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಬಳಿಕ ಭಾರತೀಯ ವಕೀಲರ ಪರಿಷತ್ತು 2011ರಿಂದ ನಡೆಸುತ್ತಿರುವ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ, ಅಂದರೆ ಎಐಬಿಇಯಲ್ಲಿ, ತೇರ್ಗಡೆಯಾಗಬೇಕು. ಅಲ್ಲಿಯವರೆಗಿನ ನೋಂದಣಿ ತಾತ್ಕಾಲಿಕವಾದುದು, ಅದರ ಅವಧಿ ಎರಡು ವರ್ಷ. 100 ಪ್ರಶ್ನೆಗಳ ಈ ಪರೀಕ್ಷೆಯಲ್ಲಿ ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ. ಇದನ್ನು ಕನ್ನಡದಲ್ಲಿಯೂ ಬರೆಯಬಹುದೆಂಬುದನ್ನು ಹೊರನಾಡಿನ ನಮ್ಮ ಓದುಗರು ಗಮನಿಸಬೇಕು.

ಈ ಸರಪಳಿಯ ಒಂದು ಕೊಂಡಿ ಸಡಿಲಿದರೂ ಮುಂದಿನದೆಲ್ಲ ನಿಲ್ಲುತ್ತದೆ. 2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗ ಸಡಿಲಿದ್ದು ಒಂದಲ್ಲ, ಎಲ್ಲ ಕೊಂಡಿಗಳೂ. ಆ ಎರಡು ವರ್ಷಗಳಲ್ಲಿ ನಡೆದುದನ್ನು ಒಂದೆಡೆ ದಾಖಲಿಸಿಡುವುದು ಉಚಿತವೆಂದು ನಮಗೆ ತೋರಿತು.

ಮೊದಲು ಪದವಿ ಪರೀಕ್ಷೆಯ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2020ರ ಏಪ್ರಿಲ್ 29ರ ಮಾರ್ಗಸೂಚಿಯಲ್ಲಿ, ನಡುವಿನ ಸೆಮಿಸ್ಟರುಗಳವರಿಗೆ ಆಂತರಿಕ ಮೌಲ್ಯಮಾಪನ ಹಾಗೂ ಹಿಂದಿನ ಸೆಮಿಸ್ಟರಿನ ಸಾಧನೆಗೆ ಅರ್ಧರ್ಧ ಮಹತ್ವ ಕೊಟ್ಟು ಅಂಕ ನೀಡುವ ದಾರಿಯನ್ನು ತೆರೆಯಿತು. ಅಂತಿಮ ವರ್ಷದವರಿಗೆ ಮಾತ್ರ ಪರೀಕ್ಷೆ ತಪ್ಪಲಿಲ್ಲ. ಜುಲೈ 6ರ ಪರಿಷ್ಕೃತ ಸೂಚನೆಯಂತೆ ಸೆಪ್ಟೆಂಬರ್ 30ರೊಳಗೆ ಅದನ್ನು ಮುಗಿಸಬೇಕಿತ್ತು. ಇತ್ತ ಮಹಾರಾಷ್ಟ್ರ ಸರಕಾರವು ಜೂನ್ ತಿಂಗಳಲ್ಲಿಯೇ ಅಂತಿಮ ಪರೀಕ್ಷೆ ಬೇಡವೆಂದು ನಿರ್ಧರಿಸಿಯಾಗಿತ್ತು. ದಿಲ್ಲಿಯಿಂದ ಒಂದು ಆದೇಶ, ಮಂತ್ರಾಲಯದಿಂದ ಇನ್ನೊಂದು. ಮುಂಬಯಿ, ಪುಣೆಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಪುಸ್ತಕ ತೆರೆಯಬೇಕೋ ಮುಚ್ಚಬೇಕೋ ತಿಳಿಯದೆ ಎರಡು ತಿಂಗಳು ಕಳೆದರು.

ಆಗಸ್ಟ್ 28ರಂದು ಸರ್ವೋಚ್ಚ ನ್ಯಾಯಾಲಯ ಈ ವಿವಾದಕ್ಕೆ ತೆರೆ ಎಳೆಯಿತು. ವಿಪತ್ತು ನಿರ್ವಹಣಾ ಅಧಿನಿಯಮದಡಿ ರಾಜ್ಯಗಳು ಪರೀಕ್ಷೆಯನ್ನು ಮುಂದೂಡಬಹುದು, ಆದರೆ ಪರೀಕ್ಷೆಯಿಲ್ಲದೆ ಪದವಿ ಕೊಡುವಂತಿಲ್ಲ. ಕಾಲಾವಕಾಶ ಬೇಕಿದ್ದರೆ ಆಯೋಗವನ್ನು ಕೇಳಬೇಕು ಎಂಬುದು ತೀರ್ಪಿನ ಸಾರ. ನ್ಯಾಯಮೂರ್ತಿಗಳಾದ ಅಶೋಕ್ ಭೂಷಣ್, ಆರ್. ಸುಭಾಷ್ ರೆಡ್ಡಿ, ಎಂ.ಆರ್. ಶಾ ಅವರ ಪೀಠವದು. ಮುಂಬಯಿ ವಿಶ್ವವಿದ್ಯಾಲಯವು ಅಕ್ಟೋಬರಿನಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ಆನ್‌ಲೈನ್ ಪರೀಕ್ಷೆ ನಡೆಸಿತು. ಪುಟಗಟ್ಟಲೆ ವಾದ ಬರೆದು ಅಭ್ಯಾಸವಾಗಿದ್ದ ಕಾನೂನು ವಿದ್ಯಾರ್ಥಿಗೆ ನಾಲ್ಕರಲ್ಲಿ ಒಂದನ್ನು ಗುರುತಿಸುವ ಪರೀಕ್ಷೆ ಎಷ್ಟು ನ್ಯಾಯ ಒದಗಿಸೀತೆಂಬ ಪ್ರಶ್ನೆ ನಮ್ಮಲ್ಲಿ ಉಳಿದೇ ಇದೆ.

ಕರ್ನಾಟಕದ ಕಥೆ ಬೇರೆ. ಉಡುಪಿಯ ವೈಕುಂಠ ಬಾಳಿಗಾ ಕಾಲೇಜು, ಮಂಗಳೂರಿನ ಎಸ್‌ಡಿಎಂ ಕಾನೂನು ಕಾಲೇಜುಗಳಿಗೆ ಮಕ್ಕಳನ್ನು ಕಳುಹಿಸುವ ಹೊರನಾಡ ಕುಟುಂಬಗಳು ವಿರಳವಲ್ಲ. ಇವು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದವು. ಇಲ್ಲಿ ತೊಡಕಾದದ್ದು ನಡುವಿನ ವರ್ಷಗಳವರಿಗೆ. ಅವರನ್ನು ಮುಂದಿನ ತರಗತಿಗೆ ಕಳುಹಿಸಬಹುದು, ಆದರೆ ಕಾಲೇಜು ತೆರೆದ ಮೇಲೆ ಬಾಕಿ ಪರೀಕ್ಷೆಯನ್ನೂ ನಡೆಸಬೇಕು ಎಂಬುದು ವಕೀಲರ ಪರಿಷತ್ತಿನ ನಿಲುವು. ಇತರ ಪದವಿಗಳ ಗೆಳೆಯರು ನಿರಾಳವಾಗಿ ಮುಂದೆ ಹೋದಾಗ ಕಾನೂನು ವಿದ್ಯಾರ್ಥಿಗಳ ತಲೆಯ ಮೇಲೆ ಹಳೆಯ ಸೆಮಿಸ್ಟರು ತೂಗಾಡುತ್ತಲೇ ಇತ್ತು. 2021ರ ಫೆಬ್ರವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಈ ಸಂಬಂಧದ ಸುತ್ತೋಲೆಗಳನ್ನು ರದ್ದುಪಡಿಸಿ, ಅನುದಾನ ಆಯೋಗದ ಮಾರ್ಗಸೂಚಿಯ ಕಡೆಗೆ ವಾಲಿತು.

ಕಾನೂನು ಕಲಿಯಲು ಹೊರಟವರ ಬವಣೆಯೂ ಸಣ್ಣದಲ್ಲ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಕ್ಲ್ಯಾಟ್, 2020ರ ಮೇ 10ಕ್ಕೆ ನಿಗದಿಯಾಗಿದ್ದದ್ದು, ಮತ್ತೆ ಮತ್ತೆ ಮುಂದೂಡಲ್ಪಟ್ಟು ಕೊನೆಗೆ ಸೆಪ್ಟೆಂಬರ್ 28ರಂದು ನಡೆಯಿತು. ಅಷ್ಟರಲ್ಲಿ ಬೆಂಗಳೂರು ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯು ಇನ್ನು ಕಾಯಲಾಗದೆಂದು ಸೆಪ್ಟೆಂಬರ್ 3ರಂದು ತನ್ನದೇ ಪ್ರತ್ಯೇಕ ಪರೀಕ್ಷೆಯನ್ನು ಘೋಷಿಸಿತು. ತ್ರೈಮಾಸಿಕ ಪದ್ಧತಿಯ ತಮ್ಮಲ್ಲಿ ತಡವಾದರೆ ಇಡೀ ವರ್ಷ ಶೂನ್ಯವಾದೀತೆಂಬುದು ಅದರ ವಾದ. ಮನೆಯಲ್ಲಿಯೇ ಕುಳಿತು 45 ನಿಮಿಷಗಳಲ್ಲಿ 40 ಪ್ರಶ್ನೆಗಳಿಗೆ ಉತ್ತರಿಸುವ ಆ ಪರೀಕ್ಷೆಗೆ ಸಿಕ್ಕ ಸಿದ್ಧತೆ ಒಂಬತ್ತು ದಿನ. ಸೆಪ್ಟೆಂಬರ್ 12ರಂದು ಪರೀಕ್ಷೆಯೇನೋ ನಡೆಯಿತು. ಫಲಿತಾಂಶ ಪ್ರಕಟಿಸದಂತೆ ಹಿಂದಿನ ದಿನವೇ ಸರ್ವೋಚ್ಚ ನ್ಯಾಯಾಲಯ ತಡೆದಿತ್ತು. ಸೆಪ್ಟೆಂಬರ್ 21ರಂದು ಮೇಲೆ ಹೇಳಿದ ಅದೇ ಮೂವರು ನ್ಯಾಯಮೂರ್ತಿಗಳ ಪೀಠವು ಪರೀಕ್ಷೆಯ ಅಧಿಸೂಚನೆಯನ್ನು ರದ್ದುಗೊಳಿಸಿ, ಕ್ಲ್ಯಾಟ್ ಮೂಲಕವೇ ಪ್ರವೇಶ ನೀಡಬೇಕೆಂದಿತು. ಮನೆಯಲ್ಲಿ ಒಳ್ಳೆಯ ಗಣಕಯಂತ್ರವೂ ಕಡಿತವಿಲ್ಲದ ಇಂಟರ್‌ನೆಟ್ಟೂ ಇಲ್ಲದವರ ಪಾಡೇನು ಎಂಬ ಪ್ರಶ್ನೆ ಆ ವಿವಾದದ ಉದ್ದಕ್ಕೂ ಕೇಳಿಬಂತು. ಸಂಸ್ಥೆಯ ಆತಂಕ ನಿಜವಾದದ್ದೇ ಇರಬಹುದು. ಆದರೆ ಹದಿನೆಂಟರ ಹರೆಯದವರಿಗೆ ಪರೀಕ್ಷೆಯ ಸ್ವರೂಪವನ್ನೇ ಒಂಬತ್ತು ದಿನಗಳಲ್ಲಿ ಬದಲಿಸಿ ಕೊಡುವುದನ್ನು ನಾವು ಒಪ್ಪಲಾರೆವು.

ಇನ್ನು ವೃತ್ತಿಯ ಬಾಗಿಲಿನದೇ ಆದ ಎಐಬಿಇ. ಹದಿನಾಲ್ಕನೆಯ ಪರೀಕ್ಷೆ 2019ರ ಸೆಪ್ಟೆಂಬರ್ 15ರಂದು ಆಗಿತ್ತು. ಹದಿನೈದನೆಯದು 2020ರ ಆಗಸ್ಟ್ 16 ಎಂದಾಯಿತು, ನವೆಂಬರ್ 8 ಎಂದಾಯಿತು, ಕಟ್ಟಕಡೆಗೆ 2021ರ ಜನವರಿ 24ರ ಭಾನುವಾರ ನಡೆಯಿತು. ಹದಿನಾರು ತಿಂಗಳ ಅಂತರ! ಮನೆಯಿಂದ ಬರೆಯುವ ಅವಕಾಶವಿರಲಿಲ್ಲ, ಕೇಂದ್ರಕ್ಕೇ ಹೋಗಬೇಕಿತ್ತು. ಮುಂಬಯಿಯ ಲೋಕಲ್ ರೈಲುಗಳು ಸರ್ವರಿಗೂ, ಅದೂ ನಿಗದಿತ ವೇಳೆಗಳಲ್ಲಿ ಮಾತ್ರ, ತೆರೆದದ್ದು ಫೆಬ್ರವರಿ 1ರಂದು, ಎಂದರೆ ಪರೀಕ್ಷೆ ಮುಗಿದು ಎಂಟು ದಿನಗಳ ಮೇಲೆ. ವಿರಾರ್, ಕಲ್ಯಾಣಗಳ ಕಡೆಯಿಂದ ಪರೀಕ್ಷಾ ಕೇಂದ್ರ ತಲಪುವುದೆಂದರೆ ಏನೆಂಬುದನ್ನು ಮುಂಬಯಿಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಹದಿನಾರನೆಯ ಪರೀಕ್ಷೆಯೂ 2021ರ ಎರಡನೆಯ ಅಲೆಗೆ ಸಿಲುಕಿ ಅಕ್ಟೋಬರ್ 31ಕ್ಕೆ ಸರಿಯಿತು. ಅಷ್ಟರಲ್ಲಿ ನಿಯಮವೂ ಬದಲಾಗಿತ್ತು: ಮೊದಲು ಪುಸ್ತಕಗಳನ್ನು ನೋಡಿ ಬರೆಯಬಹುದಾಗಿದ್ದಲ್ಲಿ, ಇನ್ನು ಟಿಪ್ಪಣಿಗಳಿಲ್ಲದ ಬರಿಯ ಅಧಿನಿಯಮಗಳ ಪ್ರತಿಗಳಿಗಷ್ಟೇ ಅವಕಾಶ. ಹದಿನೇಳನೆಯದು ನಡೆದದ್ದು 2023ರ ಫೆಬ್ರವರಿ 5ರಂದು. ಅಲ್ಲಿಯೂ ಹದಿನೈದು ತಿಂಗಳ ಅಂತರವಿರುವುದರಿಂದ ವಿಳಂಬಕ್ಕೆಲ್ಲ ಸೋಂಕನ್ನಷ್ಟೇ ದೂರುವಂತಿಲ್ಲ.

ಈ ಕಾಯುವಿಕೆಯ ಬೆಲೆ ಬರಿಯ ಮನಸ್ತಾಪವಲ್ಲ, ಅನ್ನದ ಪ್ರಶ್ನೆ. ವಕೀಲರ ಪರಿಷತ್ತಿನ ನಿಯಮದಂತೆ ನೋಂದಾಯಿತ ವಕೀಲರು ಪೂರ್ಣಾವಧಿಯ ಸಂಬಳದ ಕೆಲಸ ಹಿಡಿಯುವಂತಿಲ್ಲ. ಇತ್ತ ನ್ಯಾಯಾಲಯಗಳು ವಿಡಿಯೋ ಮೂಲಕ ತುರ್ತು ಪ್ರಕರಣಗಳನ್ನಷ್ಟೇ ಕೇಳುತ್ತಿದ್ದಾಗ ಕಿರಿಯರಿಗೆ ಗಳಿಕೆಯೆಲ್ಲಿ? ಬ್ಯಾಂಕಿನಲ್ಲಿ ದುಡಿಯುವ ನಮಗೆ ಇದರ ಇನ್ನೊಂದು ಮುಖವೂ ಕಾಣುತ್ತದೆ. ಸರಕಾರಿ ಬ್ಯಾಂಕುಗಳ ಕಾನೂನು ಅಧಿಕಾರಿ ಹುದ್ದೆಗೆ ಪದವಿಯೊಂದೇ ಸಾಲದು, ವಕೀಲರ ಪರಿಷತ್ತಿನ ನೋಂದಣಿಯೂ ಬೇಕು. ಪದವಿ ತಡವಾದರೆ ನೋಂದಣಿ ತಡ. ನೋಂದಣಿ ತಡವಾದರೆ ಆ ವರ್ಷದ ಅರ್ಜಿಯೇ ಕೈತಪ್ಪುತ್ತದೆ.

ಹೊರದೇಶಗಳೂ ಇದೇ ಸಂಕಟದಲ್ಲಿ ಬೇರೆ ಬೇರೆ ದಾರಿ ಹಿಡಿದವು. ಅಮೆರಿಕದ ಯೂಟಾ, ವಾಷಿಂಗ್ಟನ್, ಆರೆಗನ್, ಲೂಸಿಯಾನ ರಾಜ್ಯಗಳು 2020ರಲ್ಲಿ ಅರ್ಹ ಪದವೀಧರರಿಗೆ ಪರೀಕ್ಷೆಯಿಲ್ಲದೆಯೇ ವಕೀಲಿಯ ಪರವಾನಗಿ ಕೊಟ್ಟವು. ಅನೇಕ ರಾಜ್ಯಗಳು ಅಕ್ಟೋಬರಿನಲ್ಲಿ ಆನ್‌ಲೈನ್ ಪರೀಕ್ಷೆ ನಡೆಸಿದವು. ಇಂಗ್ಲೆಂಡಿನಲ್ಲಿ ಆ ಆಗಸ್ಟಿನಲ್ಲಿ ಕ್ಯಾಮೆರಾ ಕಣ್ಗಾವಲಿನಡಿ ಬರೆದ ಅಭ್ಯರ್ಥಿಗಳು ಶೌಚಕ್ಕೂ ಏಳಲಾಗಲಿಲ್ಲವೆಂದು ದೂರಿದರು.

ನಮ್ಮಲ್ಲಿ ಎಐಬಿಇಯ ಕಾನೂನುಬದ್ಧತೆಯ ಪ್ರಶ್ನೆ 2023ರ ಫೆಬ್ರವರಿ 10ರಂದು ಇತ್ಯರ್ಥವಾಯಿತು; ಪರೀಕ್ಷೆ ನಡೆಸುವ ಅಧಿಕಾರ ವಕೀಲರ ಪರಿಷತ್ತಿಗೆ ಇದೆಯೆಂದು ಸಂವಿಧಾನ ಪೀಠ ಎತ್ತಿಹಿಡಿಯಿತು. ಅದೇ ವರ್ಷದಿಂದ ತೇರ್ಗಡೆಯ ಮಟ್ಟ ಶೇ. 40ರಿಂದ 45ಕ್ಕೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇ. 35ರಿಂದ 40ಕ್ಕೆ ಏರಿತು. 2024ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾನೂನು ಪದವಿಯ ಅಂತಿಮ ವರ್ಷದವರಿಗೂ ಪರೀಕ್ಷೆಗೆ ಹೆಸರು ಕೊಡಲು ಅವಕಾಶ ಮಾಡಿಕೊಟ್ಟಿತು. ಆದುದರಿಂದ ಈಗ ಓದುತ್ತಿರುವ ಮಕ್ಕಳು ಕೊನೆಯ ವರ್ಷದಲ್ಲಿಯೇ ಪರಿಷತ್ತಿನ ಪ್ರಕಟಣೆಗಳತ್ತ ಕಣ್ಣಿಟ್ಟಿರುವುದು ಒಳಿತು.